ಶನಿವಾರದ ಮ್ಯಾಚ್‌ಗೆ ಹೈಸ್ಕೂಲ್ ಫುಟ್‌ಬಾಲ್ ತಂಡವನ್ನು ತಯಾರು ಮಾಡುವುದು ಹೇಗೆ?

ಯಾರಿಗೆ ಯಾರು ಎದುರಾಳಿ ಎಂದು ಹೇಳುವ ಡ್ರಾ ಬಂದಿದೆ. ಬರುವ ಶನಿವಾರ ತಾಲ್ಲೂಕು ಸೆಮಿಫೈನಲ್. ಎದುರಿಗಿರುವುದು ಹೋದ ವರ್ಷ ನಿಮ್ಮನ್ನು ಸೋಲಿಸಿದ ಶಾಲೆ. ನಿಮ್ಮ ಕೈಯಲ್ಲಿ ಐದು ಸಂಜೆಗಳಿವೆ. ಒಂದೊಂದು ಸಂಜೆಗೂ ಒಂದು ಗಂಟೆ ಸಿಕ್ಕರೆ ಹೆಚ್ಚು. ಆಗಸ್ಟ್ ತಿಂಗಳಾದರೆ ಅದರಲ್ಲಿ ಒಂದನ್ನು ಮಳೆ ತಿಂದುಬಿಡುತ್ತದೆ. ಗ್ರೌಂಡಿನ ಅರ್ಧ ಭಾಗದಲ್ಲಿ ಖೋ ಖೋ ನಡೆಯುತ್ತಿರುತ್ತದೆ. ನಮ್ಮ ಹೆಚ್ಚಿನ ಹೈಸ್ಕೂಲುಗಳ ಪರಿಸ್ಥಿತಿ ಇದೇ ಅಲ್ವಾ? ಈ ಬರಹ ಅಂಥ ಮೇಷ್ಟ್ರಿಗೆ, ಮೇಡಂಗೆ, ತಂಡ ನೋಡಿಕೊಳ್ಳುವ ಹಳೆಯ ವಿದ್ಯಾರ್ಥಿಗಳಿಗೆ.

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ವರ್ಷ ಎದುರಾಳಿಯ ಆಟವನ್ನು ಎರಡು ಸಲ ಹೋಗಿ ನೋಡಿದ್ದೆ. ಬಂದು ಬೋರ್ಡಿನ ಮೇಲೆ ಹದಿನಾಲ್ಕು ಪಾಯಿಂಟ್ ಬರೆದೆ. ಮಕ್ಕಳು ಶ್ರದ್ಧೆಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮ್ಯಾಚ್ ಶುರುವಾಗಿ ಹತ್ತು ನಿಮಿಷ ಆಗಿರಬೇಕು, ನಮ್ಮ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವಲ್ಲಿ ಕಾಯುವವನು) ಕಡೆ ಉದ್ದದ ಬಾಲ್ ಬಂತು. ಅವನು ಬಾಲ್ ನೋಡಲಿಲ್ಲ, ನನ್ನ ಕಡೆ ತಿರುಗಿ ನೋಡಿದ. ಹದಿನಾಲ್ಕರಲ್ಲಿ ಯಾವುದನ್ನು ಮಾಡಬೇಕು ಎಂದು ಅವನ ಕಣ್ಣು ಕೇಳುತ್ತಿತ್ತು. ಅಷ್ಟರಲ್ಲಿ ಅವರ ಸ್ಟ್ರೈಕರ್ ದಾಟಿ ಹೋಗಿದ್ದ. ಗೋಲು.

ಆ ನೋಟ ನನಗೆ ಇನ್ನೂ ನೆನಪಿದೆ. ಅವನು ತಿಳಿಯದೆ ತಪ್ಪು ಮಾಡಲಿಲ್ಲ, ತಲೆಯಲ್ಲಿ ಜಾಸ್ತಿ ತುಂಬಿಕೊಂಡು ಮಾಡಿದ. ತುಂಬಿದವನು ನಾನು. ಆಮೇಲೆ ನನ್ನ ತಯಾರಿಯ ರೀತಿಯೇ ಬದಲಾಯಿತು. ಎದುರಾಳಿಯ ಬಗ್ಗೆ ನಾನು ಎಷ್ಟು ಬೇಕಾದರೂ ತಿಳಿದುಕೊಳ್ಳುತ್ತೇನೆ. ಮಕ್ಕಳಿಗೆ ಮೂರೇ ಮಾತು ಹೇಳುತ್ತೇನೆ. ಆ ಮೂರನ್ನೂ ಬಾಯಲ್ಲಿ ಹೇಳಿ ಬಿಡುವುದಿಲ್ಲ, ಕಾಲಿಗೆ ಬರುವವರೆಗೆ ಆಡಿಸುತ್ತೇನೆ.

ಹೆಜ್ಜೆ 1: ಎದುರಾಳಿಯ ಆಟವನ್ನು ಹೋಗಿ ನೋಡಿ

ಕೇಳಿದ್ದಕ್ಕಿಂತ ನೋಡಿದ್ದು ಮೇಲು. "ಅವರ ಒಂಬತ್ತನೇ ನಂಬರ್ ಹುಡುಗ ಭಾರಿ ಇದಾನೆ ಸಾರ್" ಎಂದು ಯಾರಾದರೂ ಹೇಳುತ್ತಾರೆ. ಭಾರಿ ಅಂದರೆ ಏನು? ಜೋರಾಗಿ ಓಡುತ್ತಾನಾ, ಎರಡೂ ಕಾಲಲ್ಲಿ ಹೊಡೆಯುತ್ತಾನಾ, ಅಥವಾ ಮೈಯಲ್ಲಿ ದೊಡ್ಡವನಾ? ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ಅದಕ್ಕೇ ನಿಮ್ಮ ಎದುರು ಬರಬಹುದಾದ ತಂಡದ ಕ್ವಾರ್ಟರ್ ಫೈನಲ್‌ಗೆ ಮೊದಲೇ ನೀವೇ ಹೋಗಿ. ನಾಯಕನನ್ನೋ ನಾಯಕಿಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮಕ್ಕಳ ಕಣ್ಣಿಗೆ ಬೀಳುವುದು ಎಷ್ಟೋ ಸಲ ನಮಗೆ ಬೀಳುವುದಿಲ್ಲ.

ನಿಲ್ಲುವ ಜಾಗ ಮುಖ್ಯ. ಗೆರೆಯ ಪಕ್ಕ ನಿಂತರೆ ಬಾಲ್ ಮಾತ್ರ ಕಾಣುತ್ತದೆ. ಗ್ಯಾಲರಿ ಇದ್ದರೆ ಮೇಲಿನ ಮೆಟ್ಟಿಲು ಹತ್ತಿ. ಇಲ್ಲದಿದ್ದರೆ ಶಾಲೆಯ ಮೊದಲ ಮಹಡಿಯೋ ದಿಬ್ಬವೋ ಸಾಕು. ಎತ್ತರದಿಂದ ನೋಡಿದಾಗ ಹನ್ನೊಂದು ಮಂದಿಯ ನಡುವಿನ ಖಾಲಿ ಜಾಗ ಕಾಣುತ್ತದೆ. ನಿಮಗೆ ಬೇಕಾಗಿರುವುದು ಆ ಖಾಲಿ ಜಾಗವೇ.

ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಗ್ರೌಂಡಿನ ಚಿತ್ರವನ್ನು ನಾಲ್ಕು ಸಲ ಬರೆದಿಟ್ಟುಕೊಳ್ಳಿ. ಮೊದಲ ಚಿತ್ರದಲ್ಲಿ ಅವರು ನಿಲ್ಲುವ ರೀತಿ: ಹಿಂದೆ ಎಷ್ಟು ಮಂದಿ, ನಡುವೆ ಎಷ್ಟು, ಮುಂದೆ ಎಷ್ಟು. ಎರಡನೆಯದರಲ್ಲಿ ಅವರ ಗೋಲಿ (ಗೋಲ್‌ಕೀಪರ್) ಬಾಲನ್ನು ಎಲ್ಲಿಗೆ ಕಳಿಸುತ್ತಾನೆ ಎನ್ನುವುದು. ಪ್ರತಿ ಗೋಲ್ ಕಿಕ್‌ಗೂ ಒಂದು ಬಾಣ ಎಳೆಯಿರಿ. ಮೂರನೆಯದರಲ್ಲಿ ಅವರು ಬಾಲ್ ಕಳೆದುಕೊಂಡ ಜಾಗಕ್ಕೆಲ್ಲ ಒಂದೊಂದು ಚುಕ್ಕೆ. ನಾಲ್ಕನೆಯದು ಕಾರ್ನರ್, ಫ್ರೀ ಕಿಕ್ ಮತ್ತು ಥ್ರೋಗೆ.

ಮೊದಲ ಹತ್ತು ನಿಮಿಷ ಏನನ್ನೂ ಬರೆಯಬೇಡಿ, ಸುಮ್ನೆ ನೋಡಿ. ಹೈಸ್ಕೂಲ್ ಮ್ಯಾಚಿನ ಮೊದಲ ಹತ್ತು ನಿಮಿಷ ಬರೀ ಗಡಿಬಿಡಿ, ಅದರಿಂದ ತೀರ್ಮಾನಕ್ಕೆ ಬರಬಾರದು. ಆಮೇಲೆ ಬಾಣ, ಚುಕ್ಕೆ ಹಾಕುತ್ತಾ ಹೋಗಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪುಟವೇ ನಿಮ್ಮ ಜೊತೆ ಮಾತಾಡುತ್ತದೆ. ಬಾಣಗಳೆಲ್ಲ ಒಂದೇ ಕಡೆ ಹೋಗಿರುತ್ತವೆ. ಚುಕ್ಕೆಗಳು ಒಂದು ಮೂಲೆಯಲ್ಲಿ ಗುಂಪಾಗಿರುತ್ತವೆ. ಶಾಲಾ ತಂಡಗಳಿಗೆ ಬೇರೆ ಬೇರೆ ರೀತಿ ಆಡಿ ಅಭ್ಯಾಸ ಇರುವುದಿಲ್ಲ. ಗೊತ್ತಿರುವುದನ್ನೇ ಮತ್ತೆ ಮತ್ತೆ ಆಡುತ್ತಾರೆ.

ಬಾಲ್ ಬಿಟ್ಟು ನೋಡಬೇಕಾದ ಕೆಲವು ಸಂಗತಿಗಳೂ ಇವೆ. ಬಾಲ್ ಕಳೆದುಕೊಂಡ ತಕ್ಷಣ ಅವರ ಬ್ಯಾಕ್‌ಗಳು ಓಡಿ ಹಿಂದಕ್ಕೆ ಬರುತ್ತಾರಾ ನಡೆದುಕೊಂಡು ಬರುತ್ತಾರಾ? ಗೋಲು ಬಿಟ್ಟುಕೊಟ್ಟ ಮೇಲೆ ಒಬ್ಬರ ಮೇಲೊಬ್ಬರು ಕೂಗಾಡುತ್ತಾರಾ? ಕೊನೆಯ ಹತ್ತು ನಿಮಿಷದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತವರು ಯಾರು? ಅವರ ಗೋಲಿಗೆ ಎತ್ತರದ ಬಾಲ್ ಬಂದರೆ ಮುಂದೆ ಬರುತ್ತಾನಾ, ಗೆರೆಗೆ ಅಂಟಿಕೊಳ್ಳುತ್ತಾನಾ? ಯಾವ ಡಿಫೆಂಡರ್ ಎಡಗಾಲಿಗೆ ಬಂದ ಬಾಲನ್ನೂ ಬಲಗಾಲಿಗೆ ತಿರುಗಿಸಿಕೊಂಡೇ ಹೊಡೆಯುತ್ತಾನೆ? ಆ ತಿರುಗಿಸುವ ಒಂದು ಸೆಕೆಂಡಿನಲ್ಲಿ ನಿಮ್ಮ ಫಾರ್ವರ್ಡ್ ಅವನ ಮೇಲೆ ಇರಬಹುದು.

ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳುವುದಾದರೆ ಅಡ್ಡ ಹಿಡಿದು, ಅರ್ಧ ಗ್ರೌಂಡಾದರೂ ಕಾಣುವ ಹಾಗೆ ಮಾಡಿ. ಮೊದಲು ಆ ಶಾಲೆಯ ಮೇಷ್ಟ್ರನ್ನು ಕೇಳಿ. ಅವರೂ ಮಕ್ಕಳೇ ತಾನೆ. ಆ ವಿಡಿಯೊ ನಿಮ್ಮ ಫೋನ್ ಬಿಟ್ಟು ಇನ್ನೊಂದು ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು.

ಇನ್ನೊಂದು ಮಾತು. ಮ್ಯಾಚ್ ನೋಡಿ, ಅವರ ಪ್ರ್ಯಾಕ್ಟೀಸನ್ನು ಕದ್ದು ನೋಡಬೇಡಿ. 2019ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ತಂಡದ ಸಿಬ್ಬಂದಿಯೊಬ್ಬ ಡರ್ಬಿ ತಂಡದ ತರಬೇತಿ ಮೈದಾನದ ಹೊರಗೆ ಸಿಕ್ಕಿಬಿದ್ದ. ಕೋಚ್ ಮಾರ್ಸೆಲೊ ಬಿಯೆಲ್ಸಾ ತಾನೇ ಕಳಿಸಿದ್ದು ಎಂದು ಒಪ್ಪಿಕೊಂಡರು. ಕ್ಲಬ್ಬಿಗೆ 2 ಲಕ್ಷ ಪೌಂಡ್ ದಂಡ ಬಿತ್ತು. ಮ್ಯಾಚಿಗೆ ಮುಂಚಿನ 72 ಗಂಟೆಯಲ್ಲಿ ಎದುರಾಳಿಯ ತರಬೇತಿ ನೋಡಬಾರದು ಎಂಬ ನಿಯಮವನ್ನೂ ಲೀಗ್ ತಂದಿತು. ನಾವು ಕಾಂಪೌಂಡ್ ಗೋಡೆಯಾಚೆ ಹುಡುಗರನ್ನು ಕಳಿಸಿದರೆ ದಂಡವೇನೂ ಬೀಳುವುದಿಲ್ಲ. ಆದರೆ ಆ ಹುಡುಗರು ನಮ್ಮಿಂದ ಕಲಿಯುವುದು ಅದನ್ನೇ.

ನೋಡುವ ಅವಕಾಶವೇ ಸಿಗದಿದ್ದರೆ? ಅವರ ವಿರುದ್ಧ ಆಡಿದ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿ. "ಅವರು ಹೇಗೆ ಆಡುತ್ತಾರೆ" ಎಂದು ಕೇಳಬೇಡಿ, ಉದ್ದದ ಕಥೆ ಬರುತ್ತದೆ. "ನಿಮ್ಮ ಮೇಲೆ ಅವರು ಹೊಡೆದ ಗೋಲುಗಳು ಹೇಗೆ ಬಂದವು" ಎಂದು ಕೇಳಿ. ಅದೂ ಆಗದಿದ್ದರೆ, ಮ್ಯಾಚಿನ ದಿನ ಬೆಂಚಿನಲ್ಲಿ ಕೂತ ಇಬ್ಬರಿಗೆ ನೋಟ್‌ಬುಕ್ ಕೊಡಿ. ಒಬ್ಬರು ಗೋಲ್ ಕಿಕ್‌ನ ಬಾಣ ಎಳೆಯಲಿ, ಇನ್ನೊಬ್ಬರು ಕಳೆದುಕೊಂಡ ಬಾಲ್‌ಗೆ ಚುಕ್ಕೆ ಹಾಕಲಿ. ಹಾಫ್ ಟೈಮಿಗೆ ನಿಮ್ಮ ಕೈಗೆ ಒಂದು ಚಿತ್ರ ಬಂದಿರುತ್ತದೆ.

ಹೆಜ್ಜೆ 2: ಹದಿನಾಲ್ಕನ್ನು ಮೂರಕ್ಕೆ ಇಳಿಸಿ

ಬರೆದುಕೊಂಡ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಇದರಿಂದ ಗೋಲು ಬರುತ್ತದಾ ಅಥವಾ ತಪ್ಪುತ್ತದಾ? ಇದನ್ನು ನಮ್ಮ ಮಕ್ಕಳು ಐದು ಸಂಜೆಯಲ್ಲಿ ಕಲಿಯಬಲ್ಲರಾ? ಎರಡಕ್ಕೂ ಹೌದು ಅಂದರೆ ಮಾತ್ರ ಇಟ್ಟುಕೊಳ್ಳಿ. ಉಳಿದದ್ದು ನೋಟ್‌ಬುಕ್ಕಿನಲ್ಲಿಯೇ ಇರಲಿ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ನೀವು ನೋಡಿ ಬಂದ ತಂಡ ಹೀಗಿದೆ ಎಂದುಕೊಳ್ಳಿ. ಗೋಲಿಯಿಂದ ಉದ್ದದ ಬಾಲ್ ನೇರವಾಗಿ ಒಂಬತ್ತನೇ ನಂಬರಿಗೆ ಬರುತ್ತದೆ. ಅವನಿಗೆ ಓಟ ಇದೆ. ಅವರ ಎಡ ಬ್ಯಾಕ್ ಉತ್ಸಾಹದಲ್ಲಿ ಮುಂದೆ ಹೋಗುತ್ತಾನೆ, ಹಿಂದಕ್ಕೆ ಬರುವುದು ನಿಧಾನ. ಕಾರ್ನರ್ ಬಂದಾಗ ಅವರ ಗೋಲಿ ಗೆರೆ ಬಿಟ್ಟು ಬರುವುದಿಲ್ಲ.

ಇವನ್ನು ಹೀಗೆಯೇ ಮಕ್ಕಳಿಗೆ ಹೇಳಿದರೆ ಅರ್ಧ ಕೆಲಸ ಮಾತ್ರ ಆಯಿತು. ಒಂಬತ್ತನೇ ನಂಬರಿಗೆ ಓಟ ಇದೆ ಎಂದಷ್ಟೇ ಕೇಳಿದ ಹುಡುಗನಿಗೆ ಹೆದರಿಕೆ ಹುಟ್ಟುತ್ತದೆ. ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಅವರ ಸುದ್ದಿಯನ್ನು ನಮ್ಮ ಕೆಲಸವಾಗಿ ಬದಲಾಯಿಸಿ, ಒಂದೊಂದಕ್ಕೂ ಗ್ರೌಂಡಿನಲ್ಲಿ ಕೂಗಲು ಬರುವ ಹೆಸರಿಡಿ. ಉದ್ದದ ಬಾಲ್ ಬಂದರೆ ಒಬ್ಬ ಬಾಲ್‌ಗೆ ಹೋಗಬೇಕು, ಇನ್ನೊಬ್ಬ ಅವನ ಹಿಂದೆ ಇಳಿಯಬೇಕು: ಇದಕ್ಕೆ "ಹಿಂದೊಬ್ಬ". ಬಾಲ್ ಕಿತ್ತುಕೊಂಡ ತಕ್ಷಣ ಅವರ ಎಡ ಬ್ಯಾಕ್ ಬಿಟ್ಟು ಬಂದ ಜಾಗಕ್ಕೆ, ಅಂದರೆ ನಮ್ಮ ಬಲ ವಿಂಗಿಗೆ (ಬಲ ಅಂಚಿಗೆ), ಮೊದಲ ಪಾಸ್: "ಬಲಕ್ಕೆ". ಕಾರ್ನರನ್ನು ಗೋಲಿನ ಬಾಯಿಗೆ, ಚಿಕ್ಕ ಬಾಕ್ಸಿನ ಒಳಗೆ ಬೀಳಿಸಬೇಕು: "ಒಳಗೆ". ಮೂರು ಪದ ಅಷ್ಟೇ. ಎಂಟನೇ ಕ್ಲಾಸಿನ ಮಗುವೂ ಓಡುತ್ತಾ ಓಡುತ್ತಾ ಕೂಗಬಹುದು.

ಆಡುವ ಕ್ರಮವನ್ನು ಈ ವಾರ ಬದಲಾಯಿಸಬೇಡಿ. ಇಷ್ಟು ದಿನ ನಾಲ್ಕು ಬ್ಯಾಕ್ ಇಟ್ಟು ಆಡಿದ ಮಕ್ಕಳನ್ನು ಒಬ್ಬ ಸ್ಟ್ರೈಕರ್‌ಗೆ ಹೆದರಿ ಐದು ಬ್ಯಾಕ್‌ಗೆ ಇಳಿಸಿದರೆ ಅವರಿಗೆ ತಮ್ಮ ಆಟವೂ ಮರೆತುಹೋಗುತ್ತದೆ. ಬೇಕಿದ್ದರೆ ಒಬ್ಬಿಬ್ಬರ ಜಾಗ ಬದಲಿಸಿ. ನಿಮ್ಮ ಇಬ್ಬರು ಸೆಂಟರ್ ಬ್ಯಾಕ್‌ಗಳಲ್ಲಿ ಓಟ ಇರುವವನು ಯಾವಾಗಲೂ ಹಿಂದಿರುವವನಾಗಲಿ. ಅಷ್ಟು ಸಾಕು.

ಹೆಜ್ಜೆ 3: ಐದು ಸಂಜೆಯ ಪ್ರ್ಯಾಕ್ಟೀಸ್

ಪ್ರತಿ ಸಂಜೆಯೂ ವಾರ್ಮ್‌ಅಪ್‌ನಿಂದ ಶುರುವಾಗಲಿ. ಫಿಫಾ 11 ಪ್ಲಸ್ ಎಂಬ ವ್ಯಾಯಾಮ ಕ್ರಮ ಇದೆ. ಮೂರು ಭಾಗ, 15 ವ್ಯಾಯಾಮ, ಸುಮಾರು 20 ನಿಮಿಷ. ಬಾಲ್ ಮತ್ತು ಕೆಲವು ಕೋನ್ ಬಿಟ್ಟರೆ ಬೇರೆ ಸಾಮಾನು ಬೇಡ. ಮಂಡಿ, ಪಾದದ ಕೀಲು, ತೊಡೆಯ ಗಾಯ ಕಡಿಮೆ ಮಾಡಲೆಂದೇ ಮಾಡಿದ್ದು. ಒಂದು ಗಂಟೆಯಲ್ಲಿ 20 ನಿಮಿಷ ಹೋದರೆ ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ. ಆದರೆ ಸೆಮಿಫೈನಲ್‌ಗೆ ಎರಡು ದಿನ ಇರುವಾಗ ಒಳ್ಳೆಯ ಹಾಫ್ (ನಡುವೆ ಆಡುವವನು) ಒಬ್ಬ ತೊಡೆ ಹಿಡಿದುಕೊಂಡು ಕೂತರೆ ಇನ್ನೂ ಜಾಸ್ತಿ ಉರಿಯುತ್ತದೆ.

ಸೋಮವಾರ ಮೈ ಹಗುರ ಮಾಡಿಸಿ. ಶನಿವಾರ ಅಥವಾ ಭಾನುವಾರ ಮ್ಯಾಚ್ ಆಡಿದ್ದರೆ ಕಾಲು ಇನ್ನೂ ಭಾರವಾಗಿರುತ್ತದೆ. ಐದು ಮಂದಿ ಸುತ್ತ ನಿಂತು ಇಬ್ಬರನ್ನು ನಡುವೆ ಹಾಕಿ ಪಾಸ್ ಆಡಿಸುವ ಆಟ ಸಾಕು. ಕೊನೆಯ ಹದಿನೈದು ನಿಮಿಷ ಮರದ ಕೆಳಗೆ ಕೂರಿಸಿ ಮೂರು ಮಾತು ಹೇಳಿ. ಬೋರ್ಡ್ ಬೇಡ. ನೆಲದ ಮೇಲೆ ಕಲ್ಲು, ಹುಣಸೆ ಬೀಜ ಇಟ್ಟು ತೋರಿಸಿ. ಅವರ ಕೈಯಿಂದಲೇ ಕಲ್ಲು ಸರಿಸಿ. "ಬಾಲ್ ಇಲ್ಲಿಗೆ ಬಂತು, ಈಗ ನೀನು ಎಲ್ಲಿರ್ತೀಯ?" ಎಂದು ಕೇಳಿದರೆ ಮಗು ಕಲ್ಲು ಇಟ್ಟು ತೋರಿಸುತ್ತದೆ. ಅರ್ಥವಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮಂಗಳವಾರ "ಹಿಂದೊಬ್ಬ". ಇದೇ ವಾರದ ದೊಡ್ಡ ಕೆಲಸ, ಹೆಚ್ಚು ಹೊತ್ತು ಇದಕ್ಕೇ ಕೊಡಿ. ಗೋಲಿನ ಮುಂದೆ ಸುಮಾರು 40 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗವನ್ನು ಸುಣ್ಣದ ಪುಡಿಯಲ್ಲಿ ಗುರುತು ಮಾಡಿ. ಇಬ್ಬರು ಸೆಂಟರ್ ಬ್ಯಾಕ್, ಅವರ ಮುಂದೆ ಒಬ್ಬ ಹಾಫ್, ಜೊತೆಗೆ ಗೋಲಿ. ಎದುರಿಗೆ ನಿಮ್ಮ ತಂಡದ ಅತಿ ವೇಗದ ಇಬ್ಬರು. ನೀವು ನಡುಗೆರೆಯಿಂದ ಉದ್ದಕ್ಕೆ ಬಾಲ್ ಎತ್ತಿ ಹೊಡೆಯಿರಿ. ಬಾಲ್ ಗಾಳಿಯಲ್ಲಿರುವಾಗಲೇ ಒಬ್ಬ ಬ್ಯಾಕ್ "ನಂದು" ಎಂದು ಕೂಗಿ ಹೋಗಬೇಕು. ಇನ್ನೊಬ್ಬ ಅದೇ ಕ್ಷಣ ಐದಾರು ಮೀಟರ್ ಹಿಂದಕ್ಕೆ, ಸ್ವಲ್ಪ ಒಳಕ್ಕೆ ಇಳಿಯಬೇಕು. ಹಾಫ್ ಆಟಗಾರ ಬಾಲ್ ತಾಗಿ ಕೆಳಗೆ ಬೀಳುವ ಜಾಗಕ್ಕೆ ಓಡಬೇಕು.

ಹೆಚ್ಚಿನ ಮಕ್ಕಳು ಗಾಳಿಯಲ್ಲಿರುವ ಬಾಲ್ ನೋಡುತ್ತಾ ನಿಂತುಬಿಡುತ್ತಾರೆ. ಗೋಲು ಬರುವುದು ಆ ಮೊದಲ ತಾಗುವಿಕೆಯಿಂದಲ್ಲ, ತಾಗಿ ಕೆಳಗೆ ಬಿದ್ದ ಬಾಲ್‌ನಿಂದ. ಅದಕ್ಕೇ ಲೆಕ್ಕ ಹೀಗಿಡಿ: ಬಿದ್ದ ಬಾಲನ್ನು ಬ್ಯಾಕ್‌ಗಳ ತಂಡ ಹಿಡಿದರೆ ಅವರಿಗೆ ಒಂದು ಪಾಯಿಂಟ್, ಫಾರ್ವರ್ಡ್ ಗೋಲು ಹೊಡೆದರೆ ಅವರಿಗೆ ಎರಡು. ಹತ್ತು ಬಾಲ್ ಆದ ಮೇಲೆ ಜನ ಬದಲಿಸಿ. ಮೊದಲ ಸುತ್ತಿನಲ್ಲಿ ಬ್ಯಾಕ್‌ಗಳು ಸೋಲುತ್ತಾರೆ. ಮೂರನೇ ಸುತ್ತಿಗೆ ನೀವು ಹೇಳದೆಯೇ ಒಬ್ಬ ಹಿಂದಕ್ಕೆ ಇಳಿಯುತ್ತಾನೆ. ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ನೋಡುವುದೇ ನಮ್ಮ ಕೆಲಸ.

ಹೆಡ್ (ತಲೆಯಿಂದ ಬಾಲ್ ಹೊಡೆಯುವುದು) ಮಾಡಿಸುವುದರಲ್ಲಿ ಮಿತಿ ಇರಲಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ ಮಾಡುವುದನ್ನೇ ನಿಲ್ಲಿಸಿದೆ. 11ರಿಂದ 13ರವರಿಗೆ ಪ್ರ್ಯಾಕ್ಟೀಸಿನಲ್ಲಿ ಮಿತಿ ಹಾಕಿದೆ. ನಮ್ಮ ಎಂಟನೇ ಕ್ಲಾಸಿನವರಿಗೆ 13, 14 ವರ್ಷ. ಹತ್ತರಲ್ಲಿ ಎರಡು ಮೂರು ಬಾಲ್ ಮಾತ್ರ ತಲೆಗೆ ಬರಲಿ, ಉಳಿದದ್ದು ನೆಲಕ್ಕೆ ಕುಕ್ಕಿ ಏಳುವ ಹಾಗೆ ಹೊಡೆಯಿರಿ. ಕಲಿಯಬೇಕಾಗಿರುವುದು ನಿಲ್ಲುವ ಜಾಗ. ತಲೆಗೆ ಪೆಟ್ಟು ತಿನ್ನಿಸುವ ಅಗತ್ಯವಿಲ್ಲ.

ಬುಧವಾರ ಮಕ್ಕಳಿಗೆ ಅತಿ ಇಷ್ಟವಾಗುವ ದಿನ. ಬೆಂಚಿನ ಮಕ್ಕಳನ್ನು ಸೇರಿಸಿ ಎದುರಾಳಿ ತಂಡ ಕಟ್ಟಿ. ಬೇರೆ ಬಣ್ಣದ ಬಿಬ್ (ಜೆರ್ಸಿಯ ಮೇಲೆ ಹಾಕುವ ತೋಳಿಲ್ಲದ ಅಂಗಿ) ಕೊಡಿ, ಒಬ್ಬನ ಬೆನ್ನಿಗೆ ಒಂಬತ್ತು ಎಂದು ಬರೆದ ಕಾಗದ ಅಂಟಿಸಿ. ಅವರಿಗೆ ಗುಟ್ಟಾಗಿ ಹೇಳಿ: ಗೋಲಿ ಉದ್ದಕ್ಕೇ ಹೊಡೆಯಲಿ, ಎಡ ಬ್ಯಾಕ್ ಮುಂದಕ್ಕೆ ನುಗ್ಗಲಿ. ಈಗ ಹನ್ನೆರಡು ನಿಮಿಷದ ಎರಡು ಆಟ ಆಡಿಸಿ. ಮುಖ್ಯ ತಂಡ ಬಾಲ್ ಕಿತ್ತುಕೊಂಡ ಮೇಲೆ ಮೂರು ಪಾಸಿನೊಳಗೆ ಬಲ ವಿಂಗಿಗೆ ತಲುಪಿಸಿ ಗೋಲು ಹೊಡೆದರೆ ಅದನ್ನು ಎರಡು ಗೋಲು ಎಂದು ಲೆಕ್ಕ ಹಾಕಿ. "ಬಲಕ್ಕೆ" ತಾನಾಗಿಯೇ ಬರುತ್ತದೆ.

ಬೆಂಚಿನ ಮಕ್ಕಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಎದುರಾಳಿಯಂತೆ ಆಡುವುದು ಸುಲಭವಲ್ಲ. ತಮ್ಮದಲ್ಲದ ಆಟವನ್ನು ಮನಸ್ಸಿಟ್ಟು ಆಡಬೇಕು. ಅದಕ್ಕೆ ಎಲ್ಲರ ಎದುರಿಗೆ ಥ್ಯಾಂಕ್ಸ್ ಹೇಳಿ. ಶನಿವಾರ ಆಟದ ನಡುವೆ ಇಳಿಯಬೇಕಾದಾಗ ಎದುರಾಳಿಯನ್ನು ಚೆನ್ನಾಗಿ ಬಲ್ಲವರು ಇವರೇ ಆಗಿರುತ್ತಾರೆ.

ಗುರುವಾರ ನಿಂತ ಬಾಲ್. ಕಾರ್ನರ್, ಫ್ರೀ ಕಿಕ್, ಥ್ರೋ. ಕಾರ್ನರ್ ಹೊಡೆಯಲು ಎರಡು ರೀತಿ ಮಾತ್ರ ಕಲಿಸಿ: ಒಂದು "ಒಳಗೆ", ಇನ್ನೊಂದು ಹತ್ತಿರ ನಿಂತವನಿಗೆ ಚಿಕ್ಕ ಪಾಸ್. ಗೋಲಿಯ ಮುಂದೆ ನಿಲ್ಲುವ ನಮ್ಮ ಹುಡುಗ ಅವನನ್ನು ಹಿಡಿಯಬಾರದು, ತಳ್ಳಬಾರದು, ಹೋಗುವ ದಾರಿಗೆ ಅಡ್ಡ ಸರಿಯಬಾರದು. ಫೌಲ್ ಕೊಡುತ್ತಾರೆ. ಅವರ ಕಾರ್ನರ್‌ಗೆ ನಿಲ್ಲುವಾಗ ಹತ್ತಿರದ ಕಂಬದಲ್ಲಿ ಒಬ್ಬ, ಚಿಕ್ಕ ಬಾಕ್ಸಿನ ಗೆರೆಯ ಮೇಲೆ ಇಬ್ಬರು ಎತ್ತರದವರು, ಉಳಿದವರು ಎದುರಾಳಿಯ ಒಬ್ಬೊಬ್ಬರನ್ನು ಕಾಯಲಿ. ಒಬ್ಬನನ್ನು ನಡುಗೆರೆಯ ಬಳಿ ಬಿಡಿ. ಅವನನ್ನು ಕಾಯಲು ಅವರ ಇಬ್ಬರು ಹಿಂದೆ ಉಳಿಯುತ್ತಾರೆ.

ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್ (ಎದುರಾಳಿಯ ಬ್ಯಾಕ್‌ಗಳನ್ನು ದಾಟಿ ಮುಂದೆ ನಿಂತು ಬಾಲ್ ಪಡೆಯುವ ತಪ್ಪು) ಇಲ್ಲ. ಇದು ಹೈಸ್ಕೂಲಿನಲ್ಲಿ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ನಿಮ್ಮ ಬ್ಯಾಕ್‌ಗಳು ಅವರ ಥ್ರೋ ಹೊತ್ತಿನಲ್ಲಿ ಆಫ್‌ಸೈಡ್ ಎಂದು ಕೈ ಎತ್ತಿ ನಿಂತರೆ ಗೋಲು ಹೋಗುತ್ತದೆ.

ಶುಕ್ರವಾರ ಅರ್ಧ ಗಂಟೆ ಮಾತ್ರ. ಹಗುರ ಓಟ, ಸ್ವಲ್ಪ ಪಾಸ್, ಮೂರು ಮಾತಿನ ಒಂದೊಂದು ಸಲದ ನೆನಪು, ಐದು ಪೆನಾಲ್ಟಿ, ಮನೆಗೆ. ಹೊಸದೇನನ್ನೂ ಹೇಳಬೇಡಿ. ರಾತ್ರಿ ಹೊಳೆದ ಒಳ್ಳೆಯ ಉಪಾಯ ನಿಮ್ಮಲ್ಲೇ ಇರಲಿ.

ಮಳೆ ಬಂದು ಒಂದು ಸಂಜೆ ಹೋದರೆ ಗುರುವಾರದ್ದನ್ನು ಬಿಡಿ, ಮಂಗಳವಾರದ್ದನ್ನು ಬಿಡಬೇಡಿ. ಕಾರಿಡಾರಿನಲ್ಲಿ ಬಾಲ್ ಇಲ್ಲದೆ ನಡೆದುಕೊಂಡೇ ಜಾಗ ಹಿಡಿಯುವುದನ್ನು ಮಾಡಿಸಬಹುದು.

ಹೆಜ್ಜೆ 4: ಗೋಲಿಗೆ ಬೇರೆಯದೇ ತಯಾರಿ

ನಮ್ಮಲ್ಲಿ ಗೋಲಿಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಎಲ್ಲರೂ ಬಾಲ್ ಹೊಡೆದು ಪ್ರ್ಯಾಕ್ಟೀಸ್ ಆಯಿತು ಎನ್ನುತ್ತೇವೆ. ಅದು ಹೊಡೆಯುವವರ ಪ್ರ್ಯಾಕ್ಟೀಸ್. ಗೋಲಿಗೆ ದಿನಕ್ಕೆ ಹತ್ತು ನಿಮಿಷ ಪ್ರತ್ಯೇಕವಾಗಿ ಕೊಡಿ. ಎದುರಾಳಿ ಉದ್ದಕ್ಕೆ ಹೊಡೆಯುವ ತಂಡವಾದರೆ ಅವನು ಗೆರೆಯ ಮೇಲೆ ನಿಲ್ಲುವಂತಿಲ್ಲ. ಬ್ಯಾಕ್‌ಗಳು ಮುಂದಿದ್ದಾಗ ಅವನೂ ಬಾಕ್ಸಿನ ಅಂಚಿಗೆ ಬಂದು, ಅವರನ್ನು ದಾಟಿದ ಬಾಲನ್ನು ಕಾಲಿನಿಂದ ಹೊರಗೆ ಹೊಡೆಯಬೇಕು. ಒದ್ದೆ ಬಾಲ್‌ಗೆ ಕೈ ಮಾತ್ರ ಚಾಚಬಾರದು, ಎದೆ ಅಥವಾ ಮಂಡಿ ಯಾವಾಗಲೂ ಬಾಲ್‌ನ ಹಿಂದಿರಬೇಕು. ಬಕೆಟ್ ನೀರಿನಲ್ಲಿ ಬಾಲ್ ಅದ್ದಿ ಅಭ್ಯಾಸ ಮಾಡಿಸಿ.

ಹೊಸ ನಿಯಮವನ್ನೂ ತಿಳಿಸಿ. 2025ರ ಜುಲೈಯಿಂದ ಗೋಲಿ ಬಾಲನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕೊಡುತ್ತಾರೆ. ಮೊದಲು 6 ಸೆಕೆಂಡ್ ಮತ್ತು ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಫ್ರೀ ಕಿಕ್) ಇತ್ತು. ನಿಮ್ಮ ಕೂಟದಲ್ಲಿ ಯಾವುದನ್ನು ಪಾಲಿಸುತ್ತಾರೆ ಎಂದು ರೆಫರಿಯನ್ನು ಮೊದಲೇ ಕೇಳಿಕೊಳ್ಳಿ.

ಸೋತವರು ಹೊರಗೆ ಹೋಗುವ ನಾಕೌಟ್ ಮ್ಯಾಚಾದರೆ ಪೆನಾಲ್ಟಿ ಹೊಡೆಯುವ ಐವರ ಹೆಸರನ್ನು ಶುಕ್ರವಾರವೇ ಬರೆದಿಡಿ. ಹೊಡೆಯಲು ಇಷ್ಟವಿರುವವರನ್ನೇ ಆರಿಸಿ. ಗೋಲಿಯ ವಿಷಯಕ್ಕೆ 2006ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನಪಾಗುತ್ತದೆ. ಜರ್ಮನಿ ಮತ್ತು ಅರ್ಜೆಂಟೀನಾ 1-1. ಪೆನಾಲ್ಟಿಗೆ ಹೋಯಿತು. ಜರ್ಮನಿಯ ಗೋಲಿ ಯೆನ್ಸ್ ಲೆಮಾನ್ ಕಾಲುಚೀಲದಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದರು. ಅದರಲ್ಲಿ ಅರ್ಜೆಂಟೀನಾದ ಯಾರು ಯಾವ ಕಡೆ ಹೊಡೆಯುತ್ತಾರೆ ಎಂದು ಬರೆದಿತ್ತು. ಅಯಾಲ ಮತ್ತು ಕಾಂಬಿಯಾಸೊ ಹೊಡೆದದ್ದನ್ನು ಅವರು ತಡೆದರು, ಜರ್ಮನಿ 4-2ರಲ್ಲಿ ಗೆದ್ದಿತು. ನಿಮ್ಮ ಎದುರಾಳಿ ಈ ಕೂಟದಲ್ಲಿ ಪೆನಾಲ್ಟಿ ಹೊಡೆದಿದ್ದರೆ ಯಾರು, ಯಾವ ಕಡೆ ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು. ಅಷ್ಟನ್ನು ಮಾತ್ರ ಗೋಲಿಗೆ ಹೇಳಿ.

ಹೆಜ್ಜೆ 5: ಗ್ರೌಂಡ್, ಬೂಟು, ಕಾಗದ

ಮ್ಯಾಚಿಗೆ ಮುಂಚೆ ಒಂದು ದಿನವಾದರೂ ಆ ಗ್ರೌಂಡಿನಲ್ಲಿ ನಡೆದು ನೋಡಿ. ಯಾವ ಕಡೆ ಇಳಿಜಾರು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಸಂಜೆ ನಾಲ್ಕಕ್ಕೆ ಬಿಸಿಲು ಯಾವ ಗೋಲಿಯ ಕಣ್ಣಿಗೆ ಬೀಳುತ್ತದೆ. ಟಾಸ್ ಗೆದ್ದರೆ ಏನು ಕೇಳಬೇಕು ಎಂದು ನಾಯಕನಿಗೆ ಗೊತ್ತಿರಬೇಕು. ಕೆಸರಿನಲ್ಲಿ ಚಿಕ್ಕ ಪಾಸ್ ನಿಂತುಹೋಗುತ್ತದೆ. ಬಾಕ್ಸಿನ ಮುಂದೆ ಕೆಸರಿದ್ದರೆ ಗೋಲಿಗೆ ಹಿಂದಕ್ಕೆ ಪಾಸ್ ಬೇಡ ಎಂದು ಮೊದಲೇ ಹೇಳಿ.

ಬೂಟಿನ ಬಗ್ಗೆ ನಮ್ಮ ದೇಶಕ್ಕೇ ಒಂದು ನೋವಿನ ಪಾಠ ಇದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಳಿಯ ನೆಲದ ಮೇಲೆ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯಾ ವಿರುದ್ಧ 10-1ರಲ್ಲಿ ಸೋತರು. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಕ್ಕೆ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇವತ್ತಿಗೂ ಸ್ವಂತ ಬೂಟಿಲ್ಲ. ಸೋಮವಾರವೇ ಕೇಳಿ, ಹಳೆಯ ವಿದ್ಯಾರ್ಥಿಗಳಿಂದ ತರಿಸಿ. ಮ್ಯಾಚಿನ ದಿನ ಮೊದಲ ಸಲ ಹೊಸ ಬೂಟು ಹಾಕಿದರೆ ಹಿಮ್ಮಡಿ ಬೊಬ್ಬೆ ಬರುತ್ತದೆ, ಅದಕ್ಕೇ ಮೂರು ದಿನ ಮುಂಚೆ ಹಾಕಿಸಿ. ಶಿನ್‌ಗಾರ್ಡ್ (ಮೊಣಕಾಲ ಕೆಳಗಿನ ಮುಂಭಾಗಕ್ಕೆ ಕಟ್ಟುವ ರಕ್ಷೆ) ಇಲ್ಲದವರನ್ನು ಇಳಿಸಬೇಡಿ.

ಚೀಲ ಶುಕ್ರವಾರವೇ ತುಂಬಿ: ಎರಡು ಬಾಲ್, ಪಂಪ್, ಹೆಚ್ಚುವರಿ ಲೇಸ್, ಬ್ಯಾಂಡೇಜ್, ಐಸ್ ಹಾಕಲು ಡಬ್ಬ, ಗೋಲಿಯ ಎರಡನೇ ಜೊತೆ ಗ್ಲೋವ್ಸ್, ಟವೆಲ್. ಹುಡುಗಿಯರ ತಂಡವಾದರೆ ಪ್ಯಾಡ್ ಇರಲೇಬೇಕು, ಅದನ್ನು ಕೇಳಿ ಪಡೆಯಲು ಒಬ್ಬ ಮೇಡಂ ಜೊತೆಗೆ ಇರಬೇಕು. ವಯಸ್ಸಿನ ದಾಖಲೆ, ಮುಖ್ಯೋಪಾಧ್ಯಾಯರ ಸಹಿ ಇರುವ ಫಾರಂ, ಎರಡೆರಡು ಜೆರಾಕ್ಸ್. ಒಂದು ಕೂಟದಲ್ಲಿ ಒಂದೇ ಒಂದು ಕಾಗದ ಇಲ್ಲವೆಂದು ನಮ್ಮ ಒಳ್ಳೆಯ ವಿಂಗರ್ ಜೆರ್ಸಿ ಹಾಕಿಕೊಂಡೇ ಇಡೀ ಮ್ಯಾಚ್ ಹೊರಗೆ ಕೂತಿದ್ದಳು. ಅಂದಿನಿಂದ ಕಾಗದದ ಫೈಲನ್ನು ಬಾಲ್‌ಗಿಂತ ಮೊದಲು ಚೀಲಕ್ಕೆ ಹಾಕುತ್ತೇನೆ.

ಹೆಜ್ಜೆ 6: ಶನಿವಾರ

ಊಟ ಮ್ಯಾಚಿಗೆ ಮೂರು ಗಂಟೆ ಮುಂಚೆ ಮುಗಿಯಲಿ. ಅನ್ನ ಸಾರು, ಇಡ್ಲಿ, ಚಿತ್ರಾನ್ನ, ರೊಟ್ಟಿ ಪಲ್ಯ, ಮನೆಯಲ್ಲಿ ದಿನವೂ ತಿನ್ನುವುದೇ ಸಾಕು. ಎಣ್ಣೆಯಲ್ಲಿ ಕರಿದದ್ದು ಬೇಡ. ಒಂದು ಗಂಟೆ ಮುಂಚೆ ಬಾಳೆಹಣ್ಣು. ಎಷ್ಟೋ ಮಕ್ಕಳು ಗಾಬರಿಯಲ್ಲಿ ಏನೂ ತಿನ್ನದೆ ಬಂದಿರುತ್ತಾರೆ. ಒಬ್ಬೊಬ್ಬರನ್ನೂ ಕೇಳಿ. ನೀರಿಗೆ ಸ್ವಲ್ಪ ಉಪ್ಪು, ಸಕ್ಕರೆ, ನಿಂಬೆ ಹಾಕಿದ ಪಾನಕ ಒಂದು ಕ್ಯಾನ್ ಇರಲಿ.

ಮಾತು ಎರಡು ನಿಮಿಷ. ನೀವು ಹೇಳಬೇಡಿ, ಅವರಿಂದಲೇ ಹೇಳಿಸಿ. "ಉದ್ದ ಬಾಲ್ ಬಂದರೆ?" "ಹಿಂದೊಬ್ಬ!" ಇಷ್ಟು ಸಾಕು. "ಇವತ್ತು ಗೆಲ್ಲಲೇಬೇಕು" ಎಂದು ಹೇಳುವ ಅಗತ್ಯ ಇಲ್ಲ, ಅವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಆಟ ಶುರುವಾದ ಮೇಲೆ ಹದಿನೈದು ನಿಮಿಷ ನೋಡಿ. ಎದುರಾಳಿ ನೀವು ನೋಡಿದ ಹಾಗೆಯೇ ಆಡುತ್ತಿದ್ದಾರಾ? ಒಂಬತ್ತನೇ ನಂಬರ್ ಇವತ್ತು ವಿಂಗಿನಲ್ಲಿ ಇರಬಹುದು. ಆಗಲೂ "ಹಿಂದೊಬ್ಬ" ನಡೆಯುತ್ತದೆ, ಜಾಗ ಮಾತ್ರ ಬದಲಾಗುತ್ತದೆ. ಅದನ್ನು ನಾಯಕನಿಗೆ ಹೇಳಿ, ಅವನು ಉಳಿದವರಿಗೆ ಹೇಳಲಿ. ಬಾಲ್ ಕಾಲಲ್ಲಿರುವ ಮಗುವಿಗೆ ಗೆರೆಯಿಂದ ಕೂಗಬೇಡಿ. ಅವನು ನಿಮ್ಮ ಕಡೆ ತಿರುಗಿದರೆ ಬಾಲ್ ಹೋಗುತ್ತದೆ.

ಹಾಫ್ ಟೈಮಿನ ಮೊದಲ ಎರಡು ನಿಮಿಷ ಮೌನ. ನೀರು ಕುಡಿಯಲಿ, ಕೂತುಕೊಳ್ಳಲಿ. ಆಮೇಲೆ "ನಿಮಗೆ ಏನು ಕಾಣ್ತಿದೆ?" ಎಂದು ಕೇಳಿ. ಬಲ ವಿಂಗಿನ ಹುಡುಗಿ "ಸಾರ್, ಅವರ ಬ್ಯಾಕ್ ಈಗ ಮುಂದೆ ಹೋಗ್ತಾನೇ ಇಲ್ಲ" ಎಂದರೆ ಅದು ನಿಮ್ಮ ಇಡೀ ನೋಟ್‌ಬುಕ್ಕಿಗಿಂತ ಬೆಲೆಯುಳ್ಳ ಸುದ್ದಿ. ಆ ಮಾತಿಗೆ ಒಂದು ಉತ್ತರ, ನಿಮ್ಮದೊಂದು ತಿದ್ದುಪಡಿ. ಒಟ್ಟು ಎರಡು.

ಒಂದು ಗೋಲಿನಿಂದ ಮುಂದಿದ್ದು ಹತ್ತು ನಿಮಿಷ ಉಳಿದಿದ್ದರೆ ಯಾರು ಒಳಗೆ, ಯಾರು ಹೊರಗೆ? ಹಿಂದಿದ್ದರೆ? ಎರಡನ್ನೂ ಬೆಳಿಗ್ಗೆಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನಮ್ಮ ಎದೆಯೂ ಹೊಡೆದುಕೊಳ್ಳುತ್ತಿರುತ್ತದೆ, ತಲೆ ಓಡುವುದಿಲ್ಲ.

ಯಾರ ತಲೆಗಾದರೂ ಪೆಟ್ಟು ಬಿದ್ದು ತಲೆ ಸುತ್ತು, ವಾಂತಿ, ಮಂಪರು ಕಂಡರೆ ತಕ್ಷಣ ಹೊರಗೆ ಕರೆದುಕೊಳ್ಳಿ, ಡಾಕ್ಟರಿಗೆ ತೋರಿಸಿ. "ನಾನು ಆಡ್ತೀನಿ ಸಾರ್" ಎಂದು ಅತ್ತರೂ ಆ ದಿನ ಮತ್ತೆ ಇಳಿಸುವಂತಿಲ್ಲ. ಇದರಲ್ಲಿ ಸೆಮಿಫೈನಲ್, ಫೈನಲ್ ಎಂಬ ಲೆಕ್ಕ ಇಲ್ಲ. 1960ರಿಂದ ನಡೆಯುತ್ತಿರುವ, ಶಾಲೆಗಳ ದೇಶಮಟ್ಟದ ಕೂಟವಾದ ಸುಬ್ರೊತೊ ಕಪ್‌ನಲ್ಲಿ ಆಡುವುದು ಶಾಲಾ ಮಕ್ಕಳ ದೊಡ್ಡ ಕನಸು. ಅಷ್ಟು ದೊಡ್ಡ ಮ್ಯಾಚಾದರೂ ಇದೇ ಮಾತು.

ಹೆಜ್ಜೆ 7: ಸೋಮವಾರ ಒಂದು ಪುಟ

ಗೆದ್ದಿರಲಿ ಸೋತಿರಲಿ, ಸೋಮವಾರ ನೋಟ್‌ಬುಕ್ ತೆಗೆಯಿರಿ. ಎಡಗಡೆ ನಾನು ಏನು ನೋಡಿ ಬಂದಿದ್ದೆ, ಬಲಗಡೆ ನಿಜವಾಗಿ ಏನಾಯಿತು. ಮೂರು ಮಾತಿನಲ್ಲಿ ಯಾವುದು ಕೆಲಸಕ್ಕೆ ಬಂತು ಎಂದು ಮಕ್ಕಳನ್ನೇ ಕೇಳಿ ಬರೆಯಿರಿ.

ಆ ಪುಟವನ್ನು ಎಸೆಯಬೇಡಿ. ಮುಂದಿನ ವರ್ಷ ಅವರ ಹತ್ತನೇ ಕ್ಲಾಸಿನವರು ಇರುವುದಿಲ್ಲ, ನಮ್ಮವರೂ ಇರುವುದಿಲ್ಲ. ಒಂಬತ್ತನೇ ನಂಬರಿನ ಓಟದ ಬಗ್ಗೆ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ. ಆದರೆ ಆ ಶಾಲೆಯ ಮೇಷ್ಟ್ರು ಅವರೇ ಇರುತ್ತಾರೆ. ಗೋಲಿಯಿಂದ ಉದ್ದಕ್ಕೆ ಹೊಡೆಸುವುದು, ಎಡ ಬ್ಯಾಕನ್ನು ಮುಂದಕ್ಕೆ ಬಿಡುವುದು ಅವರು ಕಲಿಸುವ ಆಟ. ಆ ಸಾಲುಗಳ ಕೆಳಗೆ ಗೆರೆ ಎಳೆದು, ತಾರೀಕು ಹಾಕಿ, ಕ್ರೀಡಾ ಕೋಣೆಯ ಬೀರುವಿನಲ್ಲಿ ಇಟ್ಟು ಬನ್ನಿ.